ವಂದೇ ಭಾರತ್ ದಾವಣಗೆರೆಗೆ ಬಂತು, ಜಗಳೂರಿಗೆ ಕೊನೆ ಬಸ್ ಎಷ್ಟಕ್ಕೆ?

ಹೊನ್ನಾಳಿಯ ಮೂವರು ಗೆಳತಿಯರು ಒಂದು ವೀಕೆಂಡ್ ಬೆಂಗಳೂರು ಸುತ್ತಿ ಬರೋಣ ಅಂದುಕೊಂಡರು ಎಂದಿಟ್ಟುಕೊಳ್ಳಿ. ಪರೀಕ್ಷೆ ಇಲ್ಲ, ಇಂಟರ್‌ವ್ಯೂ ಇಲ್ಲ, ಆಸ್ಪತ್ರೆ ಕೆಲಸವೂ ಇಲ್ಲ. ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿ, ಕಬ್ಬನ್ ಪಾರ್ಕು, ರಂಗಶಂಕರದಲ್ಲೊಂದು ನಾಟಕ, ಅಷ್ಟೇ. ಶನಿವಾರ ಹೋಗಿ ಭಾನುವಾರ ರಾತ್ರಿಯೊಳಗೆ ಮನೆ ಸೇರಬೇಕು. ರೈಲಲ್ಲೇ ಹೋಗಬೇಕು. ಈಗ ಪ್ಲಾನ್ ಮಾಡಿ ನೋಡಿ.

‘ದೇಶದಲ್ಲಿ ಇಷ್ಟೆಲ್ಲಾ ಸಮಸ್ಯೆ ಇರುವಾಗ ಟ್ರಿಪ್ ಬಗ್ಗೆ ಯಾಕ್ರೀ ಬರೀತೀರಿ’ ಅಂತ ಕೇಳುವವರಿದ್ದಾರೆ. ಅನಿವಾರ್ಯ ಪ್ರಯಾಣವನ್ನು ಜನ ಹೇಗಾದರೂ ಮಾಡಿಯೇ ತೀರುತ್ತಾರೆ. ಪರೀಕ್ಷೆ ಇದ್ದರೆ ರಾತ್ರಿಯೆಲ್ಲಾ ಪ್ಲಾಟ್‌ಫಾರಂ ಮೇಲೆ ಕೂತಾದರೂ ಹೋಗುತ್ತಾರೆ. ಹೋಗಲೇಬೇಕೆಂದಿಲ್ಲದ ಪ್ರಯಾಣ ಮಾತ್ರ, ವ್ಯವಸ್ಥೆ ಸಲೀಸಾಗಿದ್ದರೆ ಆಗುತ್ತದೆ, ಇಲ್ಲದಿದ್ದರೆ ನಿಂತುಹೋಗುತ್ತದೆ. ಹಾಗಾಗಿ ಸಾರ್ವಜನಿಕ ಸಾರಿಗೆಯನ್ನು ಅಳೆಯಲು ವೀಕೆಂಡ್ ಟ್ರಿಪ್‌ಗಿಂತ ಒಳ್ಳೆಯ ಅಳತೆಗೋಲು ಇಲ್ಲ ಅನ್ನೋದು ನನ್ನ ವಾದ.

ಮೊದಲು ನಕ್ಷೆ ನೋಡೋಣ. ಬೆಂಗಳೂರಿನಿಂದ ಹೊರಟ ಹಳಿ ಹರಿಹರ ಮುಟ್ಟಿದ್ದು 1889ರಲ್ಲಿ. ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಬಂದದ್ದು 1899ರಲ್ಲಿ. ಈ ಎರಡು ಹಳಿಗಳ ನಡುವೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಉಳಿದವು. ಜಗಳೂರು ಇನ್ನೊಂದು ಪಕ್ಕಕ್ಕೆ ಉಳಿಯಿತು. 1997ರಲ್ಲಿ ದಾವಣಗೆರೆ ಜಿಲ್ಲೆ ಆಯಿತು, ಆಮೇಲೆ ನ್ಯಾಮತಿ ತಾಲ್ಲೂಕೂ ಆಯಿತು. ಇಂದು ಜಿಲ್ಲೆಯ ಆರು ತಾಲ್ಲೂಕು ಕೇಂದ್ರಗಳಲ್ಲಿ ರೈಲು ನಿಲ್ದಾಣ ಇರುವುದು ದಾವಣಗೆರೆ, ಹರಿಹರ ಎರಡರಲ್ಲೇ. ಉಳಿದ ನಾಲ್ಕು ಊರಿನವರ ರೈಲು ಪ್ರಯಾಣ ಬಸ್ಸಿನಲ್ಲೇ ಶುರು, ಬಸ್ಸಿನಲ್ಲೇ ಕೊನೆ.

ಇನ್ನು ರೈಲುಗಳು. 2023ರ ಜೂನ್ 27ರಂದು ಶುರುವಾದ ಬೆಂಗಳೂರು–ಧಾರವಾಡ ವಂದೇ ಭಾರತ್, ಆರಂಭದ ವೇಳಾಪಟ್ಟಿಯಂತೆ ಬೆಂಗಳೂರು ಬಿಡುವುದು ಬೆಳಗ್ಗೆ 5.45ಕ್ಕೆ. ಮಧ್ಯಾಹ್ನ ಧಾರವಾಡದಿಂದ ಹೊರಟು ರಾತ್ರಿ ಎಂಟರೊಳಗೆ ಬೆಂಗಳೂರಿಗೆ ವಾಪಸ್. ಬೆಂಗಳೂರಿನವರು ಬಂದು, ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು, ಅದೇ ದಿನ ಮನೆ ಸೇರಬಹುದು. ನಮ್ಮ ಕಡೆಯವರಿಗೆ ಅದು ಬೆಂಗಳೂರು ತೋರಿಸುವುದು ಕತ್ತಲಾದ ಮೇಲೆ.

2025ರ ಆಗಸ್ಟ್ 10ರಂದು ಬಂದ ಬೆಳಗಾವಿ–ಬೆಂಗಳೂರು ವಂದೇ ಭಾರತ್ ಸ್ವಲ್ಪ ವಾಸಿ. ದಾವಣಗೆರೆಯಲ್ಲಿ ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ಹತ್ತಿದರೆ ಎರಡರೊಳಗೆ ಬೆಂಗಳೂರು. ವಾಪಸ್ ಮಧ್ಯಾಹ್ನ 2.20ಕ್ಕೆ ಹೊರಟರೆ ಸಂಜೆ ಆರರ ಹೊತ್ತಿಗೆ ದಾವಣಗೆರೆ. ಊಟಕ್ಕೂ ನಿದ್ದೆಗೂ ಸೇರಿ ಊರು ನೋಡಲು ಸಿಗುವುದು 24 ಗಂಟೆ. ಆದರೆ ಇದು ಪೂರ್ತಿ ಎಸಿ ರೈಲು, ಜನರಲ್ ಬೋಗಿ ಇಲ್ಲ. ಮೂವರ ಹೋಗಿಬರುವ ಟಿಕೆಟ್ ತೆಗೆದರೆ ಪುಸ್ತಕದ ದುಡ್ಡು ಅಲ್ಲೇ ಖರ್ಚು.

ಅಗ್ಗದ ದಾರಿ ರಾತ್ರಿ ರೈಲು. ಅಲ್ಲಿರುವ ತೊಡಕು ದೂರದ್ದು. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿಗೆ ಬೆಳಗಾಗುವಷ್ಟರಲ್ಲಿ ತಲುಪಲೆಂದು ಸಮಯ ಇಟ್ಟ ರೈಲುಗಳು ನಡುವಿನ ದಾವಣಗೆರೆಗೆ ಬರುವುದು ಸರಿಯಾಗಿ ನಿದ್ದೆಯ ಹೊತ್ತಲ್ಲಿ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇಳಿಸುವುದು ಬೆಳಗಿನ ಜಾವ. ಇನ್ನು ಶಿವಮೊಗ್ಗದ ಜನಶತಾಬ್ದಿ. ಬೆಳಗಿನ ಜಾವ ಐದರ ಆಸುಪಾಸಿಗೆ ಹೊರಟು, ರಾತ್ರಿ ಹತ್ತರ ಆಸುಪಾಸಿಗೆ ಮರಳುತ್ತದೆ. ಶಿವಮೊಗ್ಗ ಪೇಟೆಯವರಿಗೆ ಇದಕ್ಕಿಂತ ಚೆಂದದ ರೈಲಿಲ್ಲ. ಮೂವತ್ತು ಕಿಲೋಮೀಟರ್ ಆಸುಪಾಸಿನ ನ್ಯಾಮತಿಯವರು ಆ ಹೊತ್ತಿಗೆ ಅಲ್ಲಿರಬೇಕೆಂದರೆ ಸ್ವಂತ ಗಾಡಿ ಬೇಕು.

ಬೈಕ್ ಇದ್ದವರಿಗೆ ಇದು ದೂರವೇ ಅಲ್ಲ, ನಿಜ. ಆದರೆ ಮನೆಯಲ್ಲಿ ಬೈಕ್ ಕೀ ಯಾರ ಕೈಲಿರುತ್ತೆ? ಗಂಡುಮಕ್ಕಳು ‘ಹೋಗಿ ಬರ್ತೀನಿ’ ಅಂದರೆ ಮುಗೀತು. ಹುಡುಗಿಯರ ವಿಷಯಕ್ಕೆ ಬಂದಾಗ ‘ರಾತ್ರಿ ಹತ್ತಕ್ಕೆ ಸ್ಟೇಷನ್ನಿಗೆ ಯಾರು ಬರೋದು?’ ಎಂಬ ಪ್ರಶ್ನೆ ಬರುತ್ತೆ. ಅಪ್ಪನೋ ಅಣ್ಣನೋ ಬರಬೇಕು, ಬರಬೇಕೆಂದರೆ ಒಪ್ಪಬೇಕು. ಎಷ್ಟೋ ಪ್ಲಾನ್‌ಗಳು ನಿಂತುಹೋಗುವುದು ಇಲ್ಲೇ. ಕೊನೆಯ ನಲವತ್ತು ಕಿಲೋಮೀಟರ್‌ನಲ್ಲಿ ಬಸ್ ಇಲ್ಲದಿದ್ದರೆ ಆ ಜಾಗಕ್ಕೆ ಮನೆಯವರ ಅಪ್ಪಣೆ ಬಂದು ಕೂರುತ್ತದೆ.

‘ನೇರ ಬಸ್ ಇದೆಯಲ್ಲ’ ಅನ್ನಬಹುದು. ಇದೆ, ಜನ ಓಡಾಡೋದೂ ಅದರಲ್ಲೇ. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್‌ಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚೂ ಇಲ್ಲ. ಆದರೆ ನಮ್ಮದು ಖಾಸಗಿ ಬಸ್‌ಗಳ ಓಡಾಟ ಹೆಚ್ಚಿರುವ ಸೀಮೆ, ಅಲ್ಲಿ ಶಕ್ತಿ ನಡೆಯಲ್ಲ. ಅದಕ್ಕಿಂತ ಮುಖ್ಯವಾಗಿ, ನೇರ ಬಸ್ಸೇ ಉತ್ತರ ಎನ್ನುವುದಾದರೆ ರೈಲಿಗೆ ಸುರಿಯುತ್ತಿರುವ ತೆರಿಗೆ ಹಣದಲ್ಲಿ ಈ ನಾಲ್ಕು ತಾಲ್ಲೂಕಿನವರ ಪಾಲು ಏನು?

ಎಂಜಿನಿಯರಿಂಗ್‌ನಲ್ಲಿ ಕಲಿತ ಒಂದು ಸರಳ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತೆ. ಒಂದು ಕೆಲಸಕ್ಕೆ ಮೂರು ಹಂತಗಳಿದ್ದು, ನಡುವಿನದನ್ನು ಮಾತ್ರ ಚುರುಕು ಮಾಡುತ್ತಾ ಹೋದರೆ, ಒಂದು ಮಿತಿಯಾದ ಮೇಲೆ ಒಟ್ಟು ಸಮಯ ಇಳಿಯುವುದಿಲ್ಲ. ರೈಲಿನಲ್ಲಿ ಗಂಟೆ ಉಳಿಸಿ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ಕಾಯುವವರಿಗೆ ವೇಗದ ಸುದ್ದಿ ಬರೀ ಸುದ್ದಿ.

ನಮ್ಮ ಚರ್ಚೆಯೂ ನಡುವಿನ ಹಂತದಲ್ಲೇ ಸಿಕ್ಕಿಕೊಂಡಿದೆ. ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಾಗ (2024ರ ನವೆಂಬರ್) ಮಾತಾಡಿದೆವು. 2025ರ ಜುಲೈನಲ್ಲಿ ತತ್ಕಾಲ್‌ಗೆ ಆಧಾರ್ ಬಂದಾಗ ಮಾತಾಡಿದೆವು. ಒಂದು ರೈಲು ತಡವಾಗಿ ಮುಂದಿನ ರೈಲು ತಪ್ಪಿದರೆ, ಎರಡು ಪಿಎನ್‌ಆರ್‌ಗಳನ್ನು ಮೊದಲೇ ಜೋಡಿಸಿಕೊಂಡಿದ್ದವರಿಗೆ ಹಣ ವಾಪಸ್ ಕೊಡುವ ನಿಯಮವೂ 2019ರಿಂದ ಇದೆ. ಅಂದರೆ ರೈಲಿನಿಂದ ರೈಲಿಗೆ ಸಂಪರ್ಕ ತಪ್ಪಿದರೆ ರೈಲ್ವೆ ಹೊಣೆ ಒಪ್ಪುತ್ತದೆ. ರೈಲಿನಿಂದ ಬಸ್ಸಿಗೆ ತಪ್ಪಿದರೆ ಕೇಳುವವರೇ ಇಲ್ಲ.

ಹಿಂದೆ ಇದರ ಬಗ್ಗೆ ಯೋಚನೆ ಇತ್ತು. ರೈಲ್ವೆಯ ‘ಔಟ್ ಏಜೆನ್ಸಿ’ ಎಂಬ ವ್ಯವಸ್ಥೆಯಲ್ಲಿ ಹಳಿ ಇಲ್ಲದ ಊರಲ್ಲೇ ಟಿಕೆಟ್ ಕೊಟ್ಟು, ಅಲ್ಲಿಂದ ನಿಲ್ದಾಣದವರೆಗೆ ಗುತ್ತಿಗೆದಾರರ ವಾಹನದಲ್ಲಿ ಜನರನ್ನೂ ಸಾಮಾನನ್ನೂ ಸಾಗಿಸುತ್ತಿದ್ದರು. ಸ್ವಿಟ್ಜರ್ಲೆಂಡ್ 1982ರಿಂದ ದೇಶದ ವೇಳಾಪಟ್ಟಿಯನ್ನೇ ಹೀಗೆ ಕಟ್ಟಿಕೊಂಡು ಬಂದಿದೆ: ರೈಲು ಬರುವ ಹೊತ್ತಿಗೆ ಹಳ್ಳಿಯ ಬಸ್ ನಿಲ್ದಾಣದ ಮುಂದೆ ನಿಂತಿರುತ್ತದೆ.

ಹೊಸ ಹಳಿ ಬಂದರೆ ಎಲ್ಲಾ ಸರಿಹೋಗುತ್ತೆ ಅನ್ನೋದೂ ಪೂರ್ತಿ ನಿಜವಲ್ಲ. ಶಿರಾ, ಹಿರಿಯೂರು, ಚಿತ್ರದುರ್ಗ, ಭರಮಸಾಗರದ ಮೇಲೆ ಬರುವ ತುಮಕೂರು–ದಾವಣಗೆರೆ ಮಾರ್ಗ ಅರಸೀಕೆರೆ, ಬೀರೂರಿನ ಸುತ್ತು ತಪ್ಪಿಸುತ್ತದೆ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗ ಬೇರೆ ಊರುಗಳಿಗೆ ರೈಲು ತರುತ್ತದೆ. ಬೇಕಾದ ಯೋಜನೆಗಳೇ. ಆದರೆ ಎರಡೂ ಈ ನಾಲ್ಕು ತಾಲ್ಲೂಕು ಕೇಂದ್ರಗಳನ್ನು ಮುಟ್ಟುವುದಿಲ್ಲ. ನಾಳೆ ಭರಮಸಾಗರದಲ್ಲಿ ರೈಲು ನಿಂತರೂ ಜಗಳೂರಿನವರ ಪ್ರಶ್ನೆ ಅದೇ: ಇಲ್ಲಿಂದ ಬಸ್ ಎಷ್ಟಕ್ಕೆ?

ಈ ಪ್ರಶ್ನೆಗೆ ಉತ್ತರ ದೆಹಲಿಯಲ್ಲಿಲ್ಲ. ಮೋಟಾರು ವಾಹನ ಕಾಯ್ದೆಯಡಿ ಖಾಸಗಿ ಬಸ್‌ಗಳ ಪರ್ಮಿಟ್ಟು, ವೇಳಾಪಟ್ಟಿ ನೋಡಿಕೊಳ್ಳುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಕೆಎಸ್‌ಆರ್‌ಟಿಸಿಗೆ ದಾವಣಗೆರೆಯಲ್ಲೇ ವಿಭಾಗೀಯ ಕಚೇರಿ ಇದೆ. ರೈಲು ಬರುವ ಸಮಯ ಮೊಬೈಲಿನಲ್ಲೇ ಕಾಣುತ್ತೆ. ಈ ಮೂರನ್ನೂ ಒಂದು ಮೇಜಿನ ಮೇಲೆ ಇಟ್ಟು, ರಾತ್ರಿ ಹತ್ತರ ಜನಶತಾಬ್ದಿಗೆ ಕಾದು ನ್ಯಾಮತಿ, ಹೊನ್ನಾಳಿಗೆ ಹೋಗುವ ಒಂದು ಬಸ್, ಸಂಜೆಯ ರೈಲುಗಳಿಗೆ ಕಾದು ಜಗಳೂರು, ಚನ್ನಗಿರಿಗೆ ಹೋಗುವ ಒಂದೊಂದು ಬಸ್, ನಿಲ್ದಾಣದ ಗೋಡೆ ಮೇಲೆ ಅವುಗಳ ಸಮಯದ ಬೋರ್ಡು, ಇಷ್ಟನ್ನು ಮಾಡಲು ಹಳಿ ಹಾಸಬೇಕಿಲ್ಲ, ಜಮೀನು ಸ್ವಾಧೀನ ಬೇಕಿಲ್ಲ.

ಚುನಾವಣೆ ಬಂದಾಗ ‘ನಮ್ಮೂರಿಗೆ ರೈಲು ಯಾವಾಗ’ ಅಂತ ಕೇಳ್ತೀವಿ, ಅವರು ಸರ್ವೆ ಮಾಡಿಸ್ತೀವಿ ಅಂತಾರೆ. ಈ ಸಲ ಬೇರೆ ಪ್ರಶ್ನೆ ಕೇಳೋಣ. ಭಾನುವಾರ ರಾತ್ರಿ ರೈಲಿಳಿದ ಹುಡುಗಿ ಯಾರಿಗೂ ಫೋನ್ ಮಾಡದೆ ಮನೆ ಸೇರಲು ಎಷ್ಟು ಗಂಟೆಗೆ ಬಸ್ ಬಿಡ್ತೀರಿ? ಇದಕ್ಕೆ ಸರ್ವೆ ಬೇಡ, ಜಿಲ್ಲಾಧಿಕಾರಿ ಕಚೇರಿಗೆ ಒಂದು ಮನವಿ ಸಾಕು. ಹೊನ್ನಾಳಿ, ಚನ್ನಗಿರಿಯ ಕಾಲೇಜು ಹುಡುಗ ಹುಡುಗಿಯರು ಸೇರಿ ಬರೆದು ಕೊಟ್ಟರೆ, ಅವರು ಉತ್ತರ ಕೊಡಲೇಬೇಕಾಗುತ್ತೆ.