ಊರು ಮೊದಲೋ, ಕಾರ್ಖಾನೆ ಮೊದಲೋ?

‘ಕಾರ್ಖಾನೆ ಮೊದಲೇ ಇತ್ತು, ಪಕ್ಕದಲ್ಲಿ ಬಂದು ಮನೆ ಕಟ್ಟಿಕೊಂಡವರು ನೀವು.’ ಹೊಗೆ, ಧೂಳು, ಅನಿಲ ಸೋರಿಕೆ ಎಂದು ದೂರು ಹೇಳಲು ಹೋದವರ ಬಾಯಿ ಮುಚ್ಚಿಸುವ ಮಾತಿದು. ಕೇಳಲು ನ್ಯಾಯವೆನಿಸುತ್ತದೆ, ಆದರೆ ಪರಿಶೀಲಿಸಿದರೆ ನಿಲ್ಲುವುದಿಲ್ಲ.

ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂನವರಿಗೂ ಇದನ್ನೇ ಹೇಳಲಾಯಿತು. 2020ರ ಮೇ 7ರ ನಸುಕಿನಲ್ಲಿ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಹೊರಬಂತು. ಲಾಕ್‌ಡೌನಿನಲ್ಲಿ ವಾರಗಟ್ಟಲೆ ನಿಂತಿದ್ದ ರಾಸಾಯನಿಕ, ಸಾಲದ ತಂಪು, ಒಳಗೊಳಗೇ ಏರಿದ ಶಾಖ. ಮಲಗಿದ್ದ ಜನ ಉಸಿರುಗಟ್ಟಿ ಎದ್ದು ಓಡಿದರು, ಓಡುತ್ತಲೇ ರಸ್ತೆಯಲ್ಲಿ ಕುಸಿದರು. ಹನ್ನೆರಡು ಜೀವ ಹೋಯಿತು. ಕಾರ್ಖಾನೆಯೊಳಗೆ 36 ಕಡೆ ಸೈರನ್ ಒತ್ತುವ ವ್ಯವಸ್ಥೆ ಇತ್ತು, ಆದರೂ ಆ ರಾತ್ರಿ ಸೈರನ್ ಮೊಳಗಲಿಲ್ಲ ಎಂದು ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿಯೇ ಹೇಳಿತು. ಒಂದು ಸೈರನ್ ಕೂಗಿದ್ದರೆ ಎಷ್ಟು ಮಂದಿ ಬದುಕುತ್ತಿದ್ದರೋ!

ಕಾರ್ಖಾನೆ ಅಲ್ಲಿಗೆ ಬಂದದ್ದು 1961ರಲ್ಲಿ, ನಿಜ. ಆದರೆ 1961ರ ಕಾರ್ಖಾನೆಯೇ 2020ರಲ್ಲೂ ಇತ್ತೇ? ಒಡೆತನ ಕೈಯಿಂದ ಕೈಗೆ ಹೋಯಿತು, ಉತ್ಪಾದನೆ ಹೆಚ್ಚುತ್ತಾ ಬಂತು. ಸಮರ್ಪಕ ಪರಿಸರ ಅನುಮತಿ ತನ್ನ ಬಳಿ ಇಲ್ಲವೆಂದು 2019ರಲ್ಲಿ ಕಂಪನಿಯೇ ಪ್ರಮಾಣಪತ್ರದಲ್ಲಿ ಒಪ್ಪಿಕೊಂಡಿತ್ತು. ಮನೆಗಳು ಬೆಳೆದದ್ದನ್ನು ಎಲ್ಲರೂ ಎತ್ತಿ ಆಡುತ್ತಾರೆ. ಮನೆಗಳ ಕಡೆಗೆ ಕಾರ್ಖಾನೆ ಬೆಳೆದದ್ದನ್ನು ಯಾರೂ ಆಡುವುದಿಲ್ಲ.

ಇನ್ನು ನಮ್ಮ ಕೊಪ್ಪಳಕ್ಕೆ ಬನ್ನಿ. ಅಲ್ಲಿನ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಜನ ಬಾಳುತ್ತಿರುವ ನೆಲ ಅದು. ಗಿಣಿಗೇರಿ ಸುತ್ತಿನ ಕಾರ್ಖಾನೆಗಳ ಕರಿಧೂಳು ಈಗಾಗಲೇ ಮನೆಯಂಗಳಕ್ಕೂ ಬೆಳೆಗೂ ಬೀಳುತ್ತಿದೆ. ಅದು ಸಾಲದೆಂಬಂತೆ ನಗರದ ಮಗ್ಗುಲಿಗೇ ಬಲ್ಡೋಟಾ ಸಮೂಹದ ಉಕ್ಕಿನ ಕಾರ್ಖಾನೆಯ ವಿಸ್ತರಣೆ, 54 ಸಾವಿರ ಕೋಟಿ ರೂಪಾಯಿ ಹೂಡಿಕೆಯ ಘೋಷಣೆ. 2025ರ ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಜನರೊಂದಿಗೆ ಬೀದಿಗಿಳಿದರು. ಇವರಿಗೆ ‘ನೀವು ಆಮೇಲೆ ಬಂದವರು’ ಎನ್ನಲಾಗದು. ಹಾಗಾಗಿ ಇಲ್ಲಿ ಮಾತು ಬದಲಾಗುತ್ತದೆ: ‘ಅಭಿವೃದ್ಧಿಗೆ ಅಡ್ಡ ಬರುತ್ತಿದ್ದೀರಿ.’ ಮೊದಲು ಬಂದವರೂ ತಪ್ಪಿತಸ್ಥರು, ಆಮೇಲೆ ಬಂದವರೂ ತಪ್ಪಿತಸ್ಥರು.

ಉದ್ಯೋಗ ಬೇಡವೇ ಎಂದು ಕೇಳುತ್ತಾರೆ. ಬೇಕು, ಊರಿನಿಂದ ದೂರದಲ್ಲಿ ಬೇಕು.

ಕಾನೂನು ಇಲ್ಲವೆಂದೇನಲ್ಲ. ಭೋಪಾಲ ಅನಿಲ ದುರಂತದ ಹೆಣಗಳ ಮೇಲೆ ನಿಂತು ಬರೆದ ಕಾನೂನುಗಳಿವೆ. 1987ರಲ್ಲಿ ತಿದ್ದುಪಡಿಯಾಗಿ 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯ್ದೆಯ 41ಬಿ ಕಲಂ ಪ್ರಕಾರ, ಅಪಾಯಕಾರಿ ಕಾರ್ಖಾನೆ ತನ್ನಲ್ಲಿರುವ ಅಪಾಯವನ್ನು ಸುತ್ತಲಿನ ಜನರಿಗೂ ತಿಳಿಸಬೇಕಿತ್ತು. ಅನಾಹುತವಾದರೆ ಹೊರಗಿನ ಜನರನ್ನು ಉಳಿಸುವ ಯೋಜನೆ ಜಿಲ್ಲಾಡಳಿತದಲ್ಲಿ ಸಿದ್ಧವಿರಬೇಕೆಂದು 1989ರ ನಿಯಮಗಳು ಹೇಳುತ್ತವೆ. ಬೆಂಗಳೂರಿನ ಪೀಣ್ಯದ, ಮಂಗಳೂರಿನ ಬೈಕಂಪಾಡಿಯ, ಜೋಕಟ್ಟೆಯ ಮನೆಗಳಲ್ಲಿ ಕೇಳಿ ನೋಡಿ: ಪಕ್ಕದ ಟ್ಯಾಂಕಿನಲ್ಲಿ ಏನಿದೆ, ಸೋರಿದರೆ ಯಾವ ದಿಕ್ಕಿಗೆ ಓಡಬೇಕು ಎಂದು ಯಾರಾದರೂ ಬಂದು ಹೇಳಿದ್ದಾರೆಯೇ?

ಜಿಲ್ಲಾಧಿಕಾರಿಗಳು ಆ ಯೋಜನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಕಾರ್ಖಾನೆಯ ಸುತ್ತಲಿನ ಪ್ರತಿ ಮನೆಗೂ ತಲುಪಿಸಲಿ. ಜನವಸತಿಯಿಂದ ಇಷ್ಟು ದೂರ ಎಂಬ ಗೆರೆಯನ್ನು ಸರ್ಕಾರ ಶಾಸನದಲ್ಲೇ ಎಳೆಯಲಿ, ಹೊಸ ಕಾರ್ಖಾನೆಗೂ ಹಳೆಯದರ ವಿಸ್ತರಣೆಗೂ ಅದು ಸಮನಾಗಿ ಅನ್ವಯಿಸಲಿ. ಅಲ್ಲಿಯವರೆಗೆ ಕೊಪ್ಪಳದ ಮಗ್ಗುಲಲ್ಲಿ ಒಂದು ಇಟ್ಟಿಗೆಯೂ ಏಳಕೂಡದು.