ಗೆಡ್ಡೆಯ ತೂಕ, ನಾಡಿನ ತೂಕ

ಲೋಕದ ಆಹಾರವನ್ನು ಖಂಡ ಖಂಡಗಳಿಗೆ ವಿಂಗಡಿಸಿ ತೋರಿಸುವ ಅಂಕಿಪಟ್ಟಿಗಳನ್ನು ಮುಂದಿರಿಸಿಕೊಂಡು, ಪಿಷ್ಟಮಯವಾದ ಗೆಡ್ಡೆಗೆಣಸುಗಳ ಸಾಲಿನಲ್ಲಿ ಆಫ್ರಿಕದ ಮೊತ್ತ ಹಿರಿದಾಗಿರುವುದನ್ನು ಕಂಡೊಡನೆ, ಗೆಡ್ಡೆ ಉಂಬ ನಾಡು ಬಡನಾಡೆಂದು ತೀರ್ಪು ಕೊಡುವುದು ವಿದ್ಯಾವಂತರಲ್ಲಿ ಒಂದು ರೂಢಿಯಾಗಿಬಿಟ್ಟಿದೆ. ತೀರ್ಪು ಅವಸರದ್ದು, ಅದಕ್ಕೆ ಆಧಾರವಾದ ಹೋಲಿಕೆ ಸಡಿಲವಾದುದು. ಗೆಡ್ಡೆಯ ಲೆಕ್ಕ ಯಾವ ಜನಕ್ಕೆ ಪ್ರಾಣಪ್ರಶ್ನೆಯೋ ಆ ಜನದ ವಿಷಯದಲ್ಲಿಯೇ ಅದು ಅತ್ಯಂತ ಅನಿಶ್ಚಿತವೆಂಬುದು ನನ್ನ ವಾದ.

ದೇಶದ ಒಳಪೂರೈಕೆ ಎಂಬುದು ಕೂಡಿಸಿ ಕಳೆದು ಪಡೆದ ಒಂದು ಮೊತ್ತ: ಬೆಳೆದದ್ದಕ್ಕೆ ಆಮದನ್ನು ಸೇರಿಸಿ, ರಫ್ತನ್ನು ಕಳೆದು, ದಾಸ್ತಾನಿನ ಏರಿಳಿತವನ್ನು ಸರಿದೂಗಿಸಿದರೆ ಅದು ದೊರೆಯುತ್ತದೆ. ಅದರಲ್ಲಿ ಮನುಷ್ಯನ ತುತ್ತಿನ ಜತೆಗೆ ಹಂದಿಯ ಮೇವೂ, ಪಿಷ್ಟದ ಗಿರಣಿಯ ಕಚ್ಚಾವಸ್ತುವೂ, ಬಿತ್ತನೆಯ ಆಲೂಗಡ್ಡೆಯೂ, ಕೊಳೆತುಹೋದದ್ದೂ ಅಡಗಿರುತ್ತವೆ. ಥಾಯ್ಲೆಂಡ್ ಮರಗೆಣಸನ್ನು ಬಹುಮಟ್ಟಿಗೆ ಪರದೇಶಗಳ ಮೇವಿಗೂ ಪಿಷ್ಟಕ್ಕೂ ಮದ್ಯಸಾರಕ್ಕೂ ಬೆಳೆದರೆ, ವರ್ಷಕ್ಕೆ ಸುಮಾರು 6 ಕೋಟಿ ಟನ್ ಬೆಳೆದು ಲೋಕದಲ್ಲಿ ಅಗ್ರಸ್ಥಾನದಲ್ಲಿರುವ ನೈಜೀರಿಯ ಅದನ್ನು ಗಾರಿ, ಫುಫು ಎಂಬ ತಿನಿಸುಗಳಾಗಿ ತನ್ನ ಜನರಿಗೇ ಉಣಿಸುತ್ತದೆ. ಇನ್ನು ತೂಕವೆಂಬುದೂ ಒಂದು ಮರೀಚಿಕೆಯೇ: ಹಸಿ ಆಲೂಗಡ್ಡೆಯ ತೂಕದಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬರಿಯ ನೀರು, ನೂರು ಗ್ರಾಮಿಗೆ ಅದು ಕೊಡುವುದು ಎಂಬತ್ತು ಕ್ಯಾಲೊರಿಯೊಳಗಾದರೆ ಮರಗೆಣಸು ಅದರ ಇಮ್ಮಡಿಯನ್ನು ಕೊಡುತ್ತದೆ. ಯೂರೋಪಿನ ಟನ್ನೂ ಆಫ್ರಿಕದ ಟನ್ನೂ ಒಂದೇ ಎಂದು ಬಗೆದು ಮಾಡುವ ತುಲನೆಗೆ ತಕ್ಕಡಿಯಿದ್ದರೂ ನ್ಯಾಯವಿಲ್ಲ.

ದೂರದ ಖಂಡಗಳಿಗೇ ಹೋಗಬೇಕೆಂದಿಲ್ಲ. ನಮ್ಮ ನೆರೆಯ ಕೇರಳವನ್ನೂ ತಮಿಳುನಾಡನ್ನೂ ಹೋಲಿಸಿ ನೋಡಬಹುದು. 1880ರಿಂದ 1885ರವರೆಗೆ ತಿರುವಾಂಕೂರನ್ನಾಳಿದ ವಿಶಾಖಂ ತಿರುನಾಳ್ ಮಹಾರಾಜರು ಮರಗೆಣಸಿನ ಕೃಷಿಗೆ ಪ್ರೋತ್ಸಾಹವಿತ್ತರು. ಬರ್ಮದ ಅಕ್ಕಿಯನ್ನು ನೆಚ್ಚಿಕೊಂಡಿದ್ದ ಆ ಸೀಮೆಗೆ 1942ರಲ್ಲಿ ಜಪಾನಿನ ಆಕ್ರಮಣದಿಂದ ಆ ಅಕ್ಕಿ ನಿಂತುಹೋದಾಗ, ಹಸಿವಿಗೆ ಎದುರಾಗಿ ನಿಂತದ್ದು ಈ ಗೆಣಸೇ. ಗುಡ್ಡದ ಇಳಿಜಾರಿನಲ್ಲಿಯೂ ಬಡಮಣ್ಣಿನಲ್ಲಿಯೂ ಬೆಳೆದು, ಬಲಿತ ಮೇಲೂ ತಿಂಗಳುಗಟ್ಟಲೆ ನೆಲದಲ್ಲಿಯೇ ಉಳಿಯಬಲ್ಲ ಇದಕ್ಕೆ ಕಣಜವೂ ಬೇಡ, ವರ್ತಕನೂ ಬೇಡ. ಅಂದಂದಿಗೆ ಬೇಕಾದಷ್ಟನ್ನು ಅಗೆದರಾಯಿತು. ಅದೇ ಗೆಣಸು ಗಡಿ ದಾಟಿ ಸೇಲಂ ಸೀಮೆಗೆ ಬಂದರೆ ನೀರಾವರಿಯ ವಾಣಿಜ್ಯ ಬೆಳೆಯಾಗಿ, ಗಿರಣಿಯಲ್ಲಿ ಅರೆಯಿಸಿಕೊಂಡು ಸಬ್ಬಕ್ಕಿಯಾಗಿ ಏಕಾದಶಿಯ ಉಪವಾಸದವರ ತಟ್ಟೆ ಸೇರುತ್ತದೆ. ಎಕರೆಯ ಇಳುವರಿಯಲ್ಲಿ ತಮಿಳುನಾಡು ಮುಂದು. ಆದರೆ ಆ ಇಳುವರಿಯಿಂದ ಯಾರ ಹಸಿವು ಎಷ್ಟು ಅಡಗಿತೆಂಬುದನ್ನು ಟನ್ನಿನ ಅಂಕಿ ಎಂದಿಗೂ ಹೇಳಲಾರದು. ಬಳಿಕ ಪಡಿತರದ ಅಕ್ಕಿ ಬಂದು ಕೇರಳದಲ್ಲಿ ಗೆಣಸಿನ ಹೊಲಗಳು ರಬ್ಬರಿಗೆಡೆಗೊಟ್ಟವು. ಅಲ್ಲಿಯವರು ಕಪ್ಪ ಎನ್ನುವ, ಬಡವರ ತುತ್ತಾಗಿದ್ದ ಈ ಗೆಣಸು ಮೀನುಸಾರಿನೊಡನೆ ಹೋಟೆಲುಗಳ ಸವಿಯೂಟವಾಯಿತು.

ಪ್ರತಿಪಕ್ಷದಲ್ಲಿ ಗೌರವಾರ್ಹವಾದ ಮಾತುಗಳಿಲ್ಲದಿಲ್ಲ. ಸಮಾನವಾದೊಂದು ಮಾನವಿಲ್ಲದೆ ಎಲ್ಲಿ ಕೊರತೆ, ಎಲ್ಲಿ ಸಮೃದ್ಧಿ ಎಂದು ಮೊದಲೇ ಅರಿತು ಧಾನ್ಯ ಕಳುಹುವುದು ಅಸಾಧ್ಯ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಸಿದ್ಧಪಡಿಸುವ ಆಹಾರದ ಆಯವ್ಯಯಪತ್ರಗಳು ಮೇವನ್ನೂ ಬಿತ್ತನೆಯನ್ನೂ ಆಹಾರವನ್ನೂ ಬೇರೆ ಬೇರೆ ಅಂಕಣಗಳಲ್ಲಿ ತೋರಿಸುತ್ತವೆ, ಕ್ಯಾಲೊರಿಯ ಲೆಕ್ಕವನ್ನೂ ಕೊಡುತ್ತವೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ಆ ಪತ್ರಗಳಲ್ಲಿ ಆಹಾರವೆಂಬುದು ಸಾಮಾನ್ಯವಾಗಿ ಅಳೆದು ಕಂಡದ್ದಲ್ಲ, ಮಿಕ್ಕೆಲ್ಲವನ್ನೂ ಕಳೆದ ಮೇಲೆ ಉಳಿದ ಶೇಷ. ಕಟಾವಿಗೆ ಗೊತ್ತಾದ ಋತುವಿಲ್ಲದ, ಬಹುಭಾಗ ಪೇಟೆಯನ್ನೇ ಕಾಣದ, ಹಿತ್ತಿಲಿನಿಂದ ನೇರವಾಗಿ ಒಲೆಗೆ ಬರುವ ಬೆಳೆಯನ್ನು ಅಂದಾಜಿಸುವಲ್ಲಿ ಆದ ಪ್ರತಿಯೊಂದು ತಪ್ಪೂ ಕಟ್ಟಕಡೆಗೆ ಬೀಳುವುದು ಆ ಶೇಷದ ಮೇಲೆ, ಎಂದರೆ ಉಣ್ಣುವವನ ಪಾಲಿನ ಮೇಲೆ. ಹಾಲೆಂಡಿನ ಆಲೂಗಡ್ಡೆ ತಕ್ಕಡಿಯೇರಿ ಕಾರ್ಖಾನೆ ಸೇರುತ್ತದೆ. ಕಾಂಗೋದ ಮರಗೆಣಸು, ನಮ್ಮ ಉತ್ತರ ಕನ್ನಡದ ಜೋಯಿಡಾದ ಕುಣಬಿ ಸಮುದಾಯದವರು ಹಿತ್ತಿಲಲ್ಲಿ ಜತನದಿಂದ ಉಳಿಸಿಕೊಂಡು ಬಂದ ಬಗೆಬಗೆಯ ಗೆಡ್ಡೆ, ಯಾವ ತಕ್ಕಡಿಯನ್ನೂ ಏರದೆಯೇ ಹಸಿವನ್ನು ಹಿಂಗಿಸುತ್ತವೆ. ಒಂದು ಕಡೆಯ ಅಳತೆಯನ್ನು ಇನ್ನೊಂದು ಕಡೆಯ ಊಹೆಯೊಡನೆ ಸರಿಗಟ್ಟಿಸಿ ಅದನ್ನು ವಿಜ್ಞಾನವೆನ್ನುವುದು ವಿಜ್ಞಾನಕ್ಕೇ ಅಪಚಾರ.

ವರಮಾನ ಏರಿದಂತೆ ಪಿಷ್ಟಾಹಾರದ ಪಾಲು ಇಳಿಯುವುದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಮೆರಿಲ್ ಬೆನೆಟ್ 1941ರಲ್ಲಿ ತೋರಿಸಿಕೊಟ್ಟ ನಿಯಮವನ್ನು ನಮ್ಮವರು ಬಹು ಉತ್ಸಾಹದಿಂದ ಉದ್ಧರಿಸುತ್ತಾರೆ. ಆತ ಪಿಷ್ಟಾಹಾರದಲ್ಲಿ ಗೆಡ್ಡೆಯ ಜೊತೆಗೆ ಅಕ್ಕಿಯನ್ನೂ ಗೋದಿಯನ್ನೂ ಎಣಿಸಿದ್ದನೆಂಬುದನ್ನು ಮಾತ್ರ ಮರೆಯುತ್ತಾರೆ. ಆ ಮಾನದಂಡವನ್ನೇ ಹಿಡಿದರೆ ಮೂರು ಹೊತ್ತೂ ಅನ್ನವುಣ್ಣುವ ನಾವು ಗೆಡ್ಡೆ ತಿನ್ನುವವನನ್ನು ಹೀಯಾಳಿಸುವ ಅಧಿಕಾರವನ್ನು ಕಳೆದುಕೊಳ್ಳುತ್ತೇವೆ. ಗೆಡ್ಡೆ ತಿಂದವರು ಸೋಮಾರಿಗಳಾಗುತ್ತಾರೆಂಬ ಮಾತಿಗಂತೂ ಉತ್ತರ ಅನವಶ್ಯಕ.

ಪ್ರಾಂತಗಳನ್ನು ಹೋಲಿಸಬಾರದೆಂದು ನಾನು ಹೇಳುತ್ತಿಲ್ಲ. ಹೋಲಿಸುವವರು ನೀರನ್ನು ಕಳೆದು ಹೋಲಿಸಲಿ. ಮನುಷ್ಯನ ಪಾಲನ್ನು ಪಶುವಿನ ಪಾಲಿನಿಂದ ಬೇರ್ಪಡಿಸಲಿ. ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದು ಅಳತೆಯೋ ಅಂದಾಜೋ ಎಂಬುದನ್ನು ನಾಚದೆ ಬರೆಯಲಿ. ಇಷ್ಟನ್ನು ಮಾಡುವ ವ್ಯವಧಾನವಿಲ್ಲದವರು ಅಂಕಿಪಟ್ಟಿಯನ್ನು ವ್ಯಾಪಾರದ ಕೆಲಸಕ್ಕೆ ಬಳಸಿಕೊಳ್ಳಲಿ. ಅದರಿಂದ ಒಂದು ಜನಾಂಗದ ಯೋಗ್ಯತೆಯನ್ನು ತೂಗುವ ಗೊಡವೆಗೆ ಹೋಗದಿರಲಿ.