ಉಪವಾಸ ಕೆಡವುವ ಮುನ್ನ ಬಾಯಿ ನೋಡಿ

‘ಮುದಿ ನಾಯಿ ಒಣ ಆಹಾರ ಮುಟ್ಟದಿದ್ದರೆ ಎರಡು ದಿನ ಉಪವಾಸ ಕೆಡವಿ, ತಾನಾಗಿಯೇ ತಿನ್ನುತ್ತದೆ, ವಯಸ್ಸಾದ ಮೇಲೆ ಪ್ರೋಟೀನ್ ಕಡಿಮೆ ಮಾಡಿ’ ಎಂದು ಕಳೆದ ವಾರದ ಅಂಕಣ ಉಪದೇಶಿಸಿದೆ. ಎರಡೂ ತಪ್ಪು.

ಹನ್ನೆರಡು ವರ್ಷದ ಪೊಮೇರಿಯನ್ ತಟ್ಟೆ ಬಿಟ್ಟು ಹೋಗುವುದೆಲ್ಲ ಹಟವಲ್ಲ. ತುಟಿ ಎತ್ತಿ ನೋಡಿ: ದವಡೆ ಹಲ್ಲಿನ ಬುಡದಲ್ಲಿ ಕಂದು ಪಾಚಿ, ಕೆಂಪಗೆ ಊದಿದ ವಸಡು. ಸಣ್ಣ ತಳಿಗಳಲ್ಲಿ ಇದು ಮಾಮೂಲು. ಬಾಯಿಗೆ ಹಾಕಿಕೊಂಡ ಕಾಳನ್ನು ಉದುರಿಸುವ ನಾಯಿಗೆ ಬೇಕಿರುವುದು ಪಶುವೈದ್ಯರು. ಇದ್ದಕ್ಕಿದ್ದಂತೆ ಊಟ ಬಿಟ್ಟಿದ್ದರಂತೂ ಕಾಯುತ್ತ ಕೂರಬಾರದು.

ಇನ್ನು ಪ್ರೋಟೀನ್. ಮೂತ್ರಪಿಂಡದ ಕಾಯಿಲೆ ಇದ್ದರೆ ಮಾತು ಬೇರೆ. ಅಲ್ಲಿಯೂ ರಂಜಕದ ಹತೋಟಿಯೇ ಮುಖ್ಯ. ಆರೋಗ್ಯವಾಗಿರುವ ಮುದಿ ನಾಯಿಯ ಮಾಂಸಖಂಡ ಕರಗದಿರಲು ಒಳ್ಳೆಯ ಪ್ರೋಟೀನ್ ಬೇಕೇ ಬೇಕು.

ಆಹಾರದ ಚೀಲದ ಮೇಲಿನ ‘ಸೀನಿಯರ್’ ಎಂಬ ದಪ್ಪಕ್ಷರಕ್ಕೂ ಅಂಕಣಕಾರರು ಮರುಳಾಗಿದ್ದಾರೆ. ಅಮೆರಿಕದ ಆಫ್ಕೋ ಸಂಸ್ಥೆಯ ಸಾಕುಪ್ರಾಣಿ ಆಹಾರ ಮಾನದಂಡದಲ್ಲಿ ಮುದಿ ನಾಯಿಗೆಂದು ಪ್ರತ್ಯೇಕ ಪೋಷಕಾಂಶ ಪಟ್ಟಿಯೇ ಇಲ್ಲ. ಚೀಲ ತಿರುಗಿಸಿ ಪ್ರೋಟೀನ್, ಕ್ಯಾಲೊರಿ ಓದಿ. ಕಾಳು ಚಿಕ್ಕದಿರಲಿ. ಉಗುರುಬೆಚ್ಚನೆಯ ನೀರು ಹಾಕಿ ಸ್ವಲ್ಪ ನೆನೆಸಿದರೆ ವಾಸನೆ ಏಳುತ್ತದೆ, ಮೆತ್ತಗೂ ಆಗುತ್ತದೆ. (ಮನೆಯ ಸಾರು ಸುರಿಯಬೇಡಿ, ಈರುಳ್ಳಿ ನಾಯಿಗೆ ವಿಷ.) ಹೊಸ ಆಹಾರವನ್ನು ಹಳೆಯದರ ಜೊತೆ ಬೆರೆಸುತ್ತ, ವಾರದಲ್ಲಿ ಬದಲಿಸಿ.